ಫಾರ್ಮ್ ಹೋಗಿದೆ ಅಂತ ಶಾಟ್ ಬದಲಿಸಬೇಕಾ?

ಪ್ರಶ್ನೆ: ನನ್ನ ಮಗಳಿಗೆ 16 ವರ್ಷ. ಬಾಸ್ಕೆಟ್‌ಬಾಲ್ ಆಡುತ್ತಾಳೆ. ಈ ಸೀಸನ್‌ನ ಮೊದಲ ಐದು ಪಂದ್ಯಗಳಲ್ಲಿ 50 ಶಾಟ್ ಹೊಡೆದು 26 ಬಾಸ್ಕೆಟ್ ಹಾಕಿದಳು. ನಂತರದ ನಾಲ್ಕು ಪಂದ್ಯಗಳಲ್ಲಿ 40ಕ್ಕೆ 14 ಮಾತ್ರ. ಈಗ ಮೊದಲ ಮೂರು ಶಾಟ್ ತಪ್ಪಿದರೆ ಸಾಕು, ಕೋಚ್ ‘ಇವತ್ತು ನಿನ್ನ ಕೈ ಕುದುರಿಲ್ಲ’ ಅಂತ ಬೆಂಚಿಗೆ ಕಳಿಸುತ್ತಾರೆ. ಎರಡು ತಿಂಗಳಲ್ಲಿ ಟ್ರಯಲ್ಸ್ ಇದೆ. ಅಷ್ಟರೊಳಗೆ ಅವಳು ಶಾಟ್ ಹೊಡೆಯುವ ರೀತಿಯನ್ನೇ ಬದಲಿಸೋಣ, ಮೊಣಕೈ ಹೊರಗೆ ಹೋಗುತ್ತಿದೆ ಅನ್ನುತ್ತಾರೆ. ನಾನು ಹುಡುಕಿ ಓದಿದೆ. ಒಂದು ಕಡೆ ‘ಫಾರ್ಮ್ ಅನ್ನೋದು ಭ್ರಮೆ’ ಅಂತಿದೆ. ಇನ್ನೊಂದು ಕಡೆ ‘ಅದು ನಿಜ, ಸಾಬೀತಾಗಿದೆ’ ಅಂತಿದೆ. ಮಗಳಂತೂ ಚೆನ್ನಾಗಿ ಆಡಿದ ದಿನದ ಸಾಕ್ಸನ್ನೇ ಪ್ರತಿ ಪಂದ್ಯಕ್ಕೂ ಹಾಕಿಕೊಳ್ಳುತ್ತಿದ್ದಾಳೆ. ರಾತ್ರಿ ಸರಿಯಾಗಿ ನಿದ್ದೆ ಮಾಡುತ್ತಿಲ್ಲ. ಯಾರ ಮಾತು ಕೇಳಲಿ?

ಉತ್ತರ: ಲೆಕ್ಕ ಬರೆದಿಟ್ಟು ಕಳಿಸಿದ್ದೀರಲ್ಲ, ಅರ್ಧ ಕೆಲಸ ಅಲ್ಲೇ ಮುಗಿದಿದೆ. ನನಗೆ ಬರುವ ಪತ್ರಗಳಲ್ಲಿ ‘ಫಾರ್ಮ್ ಹೋಗಿದೆ’ ಅಂತ ಇರುತ್ತದೆ. ಎಷ್ಟು ಹೋಗಿದೆ ಅಂತ ಇರುವುದು ಅಪರೂಪ.

ನಿಮ್ಮ ಚಿಂತೆ ನನಗೆ ಅರ್ಥವಾದದ್ದು ಹೀಗೆ. ಮಗಳ ಆಟದಲ್ಲಿ ನಿಜವಾಗಿ ಏನೋ ಕೆಟ್ಟಿದೆಯಾ, ಇಲ್ಲ ಇದು ಸುಮ್ನೆ ಬಂದು ಹೋಗುವ ಏರಿಳಿತವಾ? ಕೆಟ್ಟಿದ್ದು ಸುಮ್ಮನೆ ಕೂತರೆ ಟ್ರಯಲ್ಸ್ ಕೈತಪ್ಪುತ್ತದೆ. ಕೆಡದೇ ಇದ್ದು ರಿಪೇರಿಗೆ ಇಳಿದರೆ ಆ ರಿಪೇರಿಯೇ ಕೆಡಿಸುತ್ತದೆ. ಎರಡೂ ಭಯ ನ್ಯಾಯವಾದದ್ದೇ.

ಮೊದಲು ನಿಮ್ಮ ಅಂಕಿಗಳನ್ನೇ ನೋಡೋಣ. ಒಂಬತ್ತು ಪಂದ್ಯ ಸೇರಿಸಿದರೆ 90 ಶಾಟ್, 40 ಬಾಸ್ಕೆಟ್. ಅಂದರೆ ಶೇ. 44. ಅವಳ ಕೈಯಲ್ಲಿ ಯಾವ ಬದಲಾವಣೆಯೂ ಆಗಿಲ್ಲ, ಯಾವಾಗಲೂ ಶೇ. 44ರ ಆಟಗಾರ್ತಿಯೇ ಅಂದುಕೊಳ್ಳಿ. ಆಗ 40 ಶಾಟ್‌ಗೆ 18ರ ಹತ್ತಿರ ಬಾಸ್ಕೆಟ್ ಬೀಳಬೇಕು. ಅದರಲ್ಲಿ ಮೂರು ಹೆಚ್ಚು, ಮೂರು ಕಡಿಮೆ ಆಗುವುದು ತೀರಾ ಮಾಮೂಲು. ಬಿದ್ದದ್ದು 14. ಕಡಿಮೆಯಾದದ್ದು ನಾಲ್ಕು ಬಾಸ್ಕೆಟ್, ಪಂದ್ಯಕ್ಕೊಂದು. ರಿಂಗಿನ ಅಂಚಿಗೆ ಬಡಿದು ಒಳಗೆ ಉರುಳಬೇಕಿದ್ದ ಚೆಂಡು ನಾಲ್ಕು ಸಲ ಹೊರಗೆ ಉರುಳಿದೆ. ನಿಮ್ಮ ಮನೆಯಲ್ಲಿ ನಿದ್ದೆ ಕೆಡಿಸಿರುವುದು ಇಷ್ಟು.

ಮೊದಲ ಐದು ಪಂದ್ಯಕ್ಕೂ ನಂತರದ ನಾಲ್ಕಕ್ಕೂ ಇರುವ ಅಂತರ ಬರೀ ಅದೃಷ್ಟದಿಂದ ಬರಬಹುದಾ? ಲೆಕ್ಕ ಹಾಕಿದರೆ, ಏನೂ ಬದಲಾಗದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ಹತ್ತರಲ್ಲಿ ಒಂದು ಸಲ ಕಾಣಬಹುದು. ಇನ್ನೂ ಒಂದು ವಿಷಯ ಇದೆ. ‘ಮೊದಲ ಐದು, ಆಮೇಲಿನ ನಾಲ್ಕು’ ಅಂತ ಗೆರೆ ಎಳೆದದ್ದು ನೀವು, ಫಲಿತಾಂಶ ನೋಡಿದ ಮೇಲೆ. ಅಂತರ ಎಲ್ಲಿ ಜಾಸ್ತಿ ಕಾಣುತ್ತದೋ ಅಲ್ಲೇ ನಮ್ಮ ಕೈ ಗೆರೆ ಎಳೆಯುತ್ತದೆ. ಹಾಗಾಗಿ ನಿಜವಾದ ಸಾಧ್ಯತೆ ಹತ್ತರಲ್ಲಿ ಒಂದಕ್ಕಿಂತ ಹೆಚ್ಚೇ.

ಕೋಚ್ ಅವರ ಮೂರು ಶಾಟ್ ನಿಯಮವನ್ನೂ ಇದೇ ತಕ್ಕಡಿಗೆ ಹಾಕಿ. ಶೇ. 44ರ ಆಟಗಾರ್ತಿ ಒಂದು ಶಾಟ್ ತಪ್ಪುವ ಸಾಧ್ಯತೆ ಶೇ. 56. ಮೊದಲ ಮೂರನ್ನೂ ತಪ್ಪುವುದು ಸುಮಾರು ಆರು ಪಂದ್ಯಕ್ಕೊಮ್ಮೆ ತಾನಾಗಿಯೇ ಆಗುತ್ತದೆ. ಕೈ ತಣ್ಣಗಾಗಿರಬೇಕಿಲ್ಲ, ಏನೂ ಆಗಿರಬೇಕಿಲ್ಲ. ಆ ಪಂದ್ಯಗಳಲ್ಲಿ ಅವಳು ಬೆಂಚಿನ ಮೇಲಿದ್ದರೆ, ನಾಲ್ಕನೇ ಶಾಟ್ ಬೀಳುತ್ತಿತ್ತಾ ಅಂತ ನೋಡುವ ಅವಕಾಶವೇ ಯಾರಿಗೂ ಸಿಗುವುದಿಲ್ಲ. ಹೀಗಾಗಿ ಕೋಚ್ ನಂಬಿಕೆ ಯಾವತ್ತೂ ಸುಳ್ಳಾಗುವುದೇ ಇಲ್ಲ!

ಇದು ಒಪ್ಪಲು ಕಷ್ಟ, ನನಗೆ ಗೊತ್ತು. ನಮ್ಮ ಕಣ್ಣಿಗೆ ಅದೃಷ್ಟ ಅಂದರೆ ಒಂದು ಬಿತ್ತು, ಒಂದು ತಪ್ಪಿತು, ಹೀಗೆ ಚೆಲ್ಲಾಪಿಲ್ಲಿಯಾಗಿ ಇರಬೇಕು. ಒಂದೇ ಥರದ್ದು ಸಾಲಾಗಿ ಬಂದರೆ ಕಾರಣ ಬೇಕು ಅನ್ನಿಸುತ್ತದೆ. ಒಂದು ನಾಣ್ಯ ತೆಗೆದುಕೊಂಡು 20 ಸಲ ಚಿಮ್ಮಿ ನೋಡಿ. ಒಂದೇ ಮುಖ ಸತತ ನಾಲ್ಕು ಸಲ ಬೀಳುವ ಸಾಲು ಸುಮಾರು ನಾಲ್ಕರಲ್ಲಿ ಮೂರು ಪ್ರಯತ್ನಗಳಲ್ಲಿ ಸಿಗುತ್ತದೆ. 100 ಸಲ ಚಿಮ್ಮಿದರೆ ಸತತ ಆರರ ಸಾಲು ಸಿಗುವ ಸಾಧ್ಯತೆ ಶೇ. 80. ನಾನು ಕೋಚ್‌ಗಳಿಗೆ ತರಬೇತಿ ಕೊಡುವಾಗ ಒಂದು ಆಟ ಆಡಿಸುತ್ತೇನೆ. ಅರ್ಧ ಜನ ನಿಜವಾಗಿ ನಾಣ್ಯ ಚಿಮ್ಮಿ ಫಲಿತಾಂಶ ಬರೆಯಬೇಕು, ಉಳಿದವರು ಮನಸ್ಸಿನಲ್ಲೇ ಊಹಿಸಿ ಬರೆಯಬೇಕು. ಯಾವ ಹಾಳೆ ಯಾರದ್ದು ಅಂತ ಸಾಮಾನ್ಯವಾಗಿ ಮೊದಲ ನೋಟಕ್ಕೇ ಹೇಳಿಬಿಡಬಹುದು. ಊಹಿಸಿ ಬರೆದವರು ಉದ್ದ ಸಾಲು ಬರೆಯಲು ಹೆದರಿರುತ್ತಾರೆ.

ಕ್ರಿಕೆಟ್ ನೋಡುವವರಿಗೆ ಇನ್ನೂ ಸುಲಭದ ಉದಾಹರಣೆ ಇದೆ. 2023ರ ವಿಶ್ವಕಪ್ ಫೈನಲ್‌ನಿಂದ ಶುರುವಾಗಿ ಭಾರತ ತಂಡ ಏಕದಿನ ಪಂದ್ಯಗಳಲ್ಲಿ ಸತತ 15ಕ್ಕೂ ಹೆಚ್ಚು ಟಾಸ್ ಸೋತಿತು. ನಡುವೆ ನಾಯಕರು ಬದಲಾದರು, ಟಾಸ್ ಬದಲಾಗಲಿಲ್ಲ. ಟಾಸ್‌ಗೆ ಅಭ್ಯಾಸ ಇಲ್ಲ, ಫಾರ್ಮ್ ಇಲ್ಲ, ಮೊಣಕೈಯಂತೂ ಇಲ್ಲವೇ ಇಲ್ಲ. ಆದರೂ ಸಾಲು ಬಂತು. ಬ್ಯಾಟ್ಸ್‌ಮನ್ ಒಬ್ಬ ಹೀಗೆ ಸೋತಿದ್ದರೆ ನಾವು ಎಷ್ಟು ಕಾರಣ ಹುಡುಕುತ್ತಿದ್ದೆವು, ಅಲ್ವಾ? ಹುಡುಕಿದ್ದೂ ಉಂಟು. 2023ರ ಮಾರ್ಚ್‌ನಲ್ಲಿ ಸೂರ್ಯಕುಮಾರ್ ಯಾದವ್ ಆಸ್ಟ್ರೇಲಿಯಾ ವಿರುದ್ಧ ಸತತ ಮೂರು ಏಕದಿನ ಪಂದ್ಯಗಳಲ್ಲಿ ಮೊದಲ ಎಸೆತಕ್ಕೇ ಔಟಾದರು. ಅದೇ ವರ್ಷದ ಐಪಿಎಲ್‌ನಲ್ಲಿ ಹೊಡೆದದ್ದು 605 ರನ್.

ಹಾಗಾದರೆ ಫಾರ್ಮ್ ಅನ್ನೋದು ಪೂರ್ತಿ ಭ್ರಮೆಯಾ? ಇಲ್ಲಿ ನಾನು ಸ್ವಲ್ಪ ತಲೆ ತಗ್ಗಿಸಬೇಕು. ಬಹಳ ವರ್ಷ ನಾನೂ ‘ಹೌದು, ಭ್ರಮೆ’ ಅಂತಲೇ ಪಾಠ ಮಾಡುತ್ತಿದ್ದೆ. ನೀವು ಓದಿದ ಎರಡು ಮಾತಿನಲ್ಲಿ ಮೊದಲನೆಯದು ಬಂದದ್ದು 1985ರಲ್ಲಿ. ಥಾಮಸ್ ಗಿಲೋವಿಚ್, ರಾಬರ್ಟ್ ವಲೋನ್, ಅಮೋಸ್ ಟ್ವೆರ್ಸ್ಕಿ ಎಂಬ ಮೂವರು ಮನಶ್ಶಾಸ್ತ್ರಜ್ಞರು ‘ಹಾಟ್ ಹ್ಯಾಂಡ್’, ಅಂದರೆ ಕೈ ಕುದುರುತ್ತದೆ ಅನ್ನೋ ನಂಬಿಕೆಯನ್ನು ಪರೀಕ್ಷೆಗೆ ಇಟ್ಟರು. ಅವರು ಕೇಳಿದ 100 ಅಭಿಮಾನಿಗಳಲ್ಲಿ 91 ಮಂದಿ, ಎರಡು ಮೂರು ಶಾಟ್ ಬಿದ್ದ ಮೇಲೆ ಮುಂದಿನದೂ ಬೀಳುವ ಸಾಧ್ಯತೆ ಹೆಚ್ಚು ಅಂದರು. ಆದರೆ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಫಿಲಡೆಲ್ಫಿಯಾ 76ಅರ್ಸ್ ತಂಡದ 1980-81ರ ದಾಖಲೆ ನೋಡಿದರೆ ಉಲ್ಟಾ ಇತ್ತು. ಸತತ ಮೂರು ಬಿದ್ದ ಮೇಲಿನ ಶಾಟ್ ಶೇ. 46ರಷ್ಟು ಬಿದ್ದಿತ್ತು. ಸತತ ಮೂರು ತಪ್ಪಿದ ಮೇಲಿನದು ಶೇ. 56! ಬಾಸ್ಟನ್ ಸೆಲ್ಟಿಕ್ಸ್ ಆಟಗಾರರ ಜೋಡಿ ಫ್ರೀ ಥ್ರೋಗಳಲ್ಲಿ (ಫೌಲ್ ಆದಾಗ ನಿಗದಿತ ಗೆರೆಯಿಂದ ಯಾರೂ ತಡೆಯದೆ ಹೊಡೆಯುವ ಶಾಟ್) ಮೊದಲನೆಯದು ಬಿದ್ದರೂ ತಪ್ಪಿದರೂ ಎರಡನೆಯದು ಬೀಳುತ್ತಿದ್ದದ್ದು ಶೇ. 75. ಸೆಲ್ಟಿಕ್ಸ್‌ನ ಹಳೆಯ ಕೋಚ್ ರೆಡ್ ಔರ್‌ಬ್ಯಾಕ್ ಈ ಅಧ್ಯಯನವನ್ನು ಮೂಗಿನ ತುದಿಯಿಂದಲೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನನ್ನಂಥವರು ಮುವತ್ತು ವರ್ಷ ಔರ್‌ಬ್ಯಾಕ್ ಹೆಸರು ಹೇಳಿ ನಗುತ್ತಿದ್ದೆವು.

ನಗು ನಿಂತದ್ದು ಜೋಶುವಾ ಮಿಲ್ಲರ್ ಮತ್ತು ಆಡಮ್ ಸಾನ್‌ಹುರ್ಹೊ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರಿಂದ. ಅವರ ಲೇಖನ 2018ರಲ್ಲಿ ಪ್ರಕಟವಾಯಿತು. ಹಳೆಯ ಲೆಕ್ಕದಲ್ಲೇ ಒಂದು ಸೂಕ್ಷ್ಮ ತಪ್ಪಿದೆ ಅಂತ ಅವರು ತೋರಿಸಿದರು. ತಪ್ಪು ಎಷ್ಟು ಚಿಕ್ಕದು ಅಂದರೆ ಮೂರು ದಶಕ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಿಧಾನವಾಗಿ ಹೇಳುತ್ತೇನೆ, ಬೇಕಾದರೆ ಕಾಗದ ತೆಗೆದುಕೊಳ್ಳಿ.

ನಾಣ್ಯವನ್ನು ಮೂರು ಸಲ ಚಿಮ್ಮಿದರೆ ಎಂಟು ಬಗೆಯ ಸಾಲು ಬರಬಹುದು. ಪ್ರತಿ ಸಾಲಿನಲ್ಲೂ, ಹೆಡ್ಸ್ ಬಿದ್ದ ಮೇಲಿನ ಟಾಸ್‌ಗಳನ್ನು ಮಾತ್ರ ನೋಡಿ, ಅದರಲ್ಲಿ ಎಷ್ಟು ಪಾಲು ಹೆಡ್ಸ್ ಅಂತ ಬರೆಯಿರಿ. ಎರಡು ಸಾಲುಗಳಲ್ಲಿ ಮೊದಲ ಎರಡೂ ಟೇಲ್ಸ್, ಅಲ್ಲಿ ನೋಡಲು ಏನೂ ಇಲ್ಲ. ಉಳಿದದ್ದು ಆರು. ಅದರಲ್ಲಿ ಮೂರು ಸಾಲಿಗೆ ಉತ್ತರ ಸೊನ್ನೆ, ಒಂದಕ್ಕೆ ಶೇ. 50, ಎರಡಕ್ಕೆ ಶೇ. 100. ಸರಾಸರಿ ತೆಗೆದರೆ ಸುಮಾರು ಶೇ. 42. ಶೇ. 50 ಅಲ್ಲ! ನಾಣ್ಯಕ್ಕೆ ನೆನಪಿಲ್ಲ, ಮೋಸವೂ ಇಲ್ಲ. ಆದರೂ ಚಿಕ್ಕ ಚಿಕ್ಕ ಸಾಲುಗಳ ಸರಾಸರಿ ತೆಗೆದಾಗ ‘ಹೆಡ್ಸ್ ಆದ ಮೇಲೆ ಹೆಡ್ಸ್ ಕಡಿಮೆ’ ಅಂತ ಕಾಣುತ್ತದೆ. ಕಾರಣ, ಹೆಡ್ಸ್‌ಗಳು ಒಟ್ಟಿಗೆ ಗುಂಪುಗೂಡಿರುವ ಸಾಲಿನಲ್ಲಿ ಎಣಿಸಲು ಟಾಸ್‌ಗಳು ಜಾಸ್ತಿ ಸಿಗುತ್ತವೆ. ಆದರೂ ಸರಾಸರಿಯಲ್ಲಿ ಆ ಸಾಲಿಗೆ ಸಿಗುವುದು ಒಂದೇ ವೋಟು.

ಇದರ ಅರ್ಥ ಏನು? ಆಟಗಾರನ ಲೆಕ್ಕದಲ್ಲಿ ‘ಬಿದ್ದ ಮೇಲೂ ಶೇ. 50, ತಪ್ಪಿದ ಮೇಲೂ ಶೇ. 50’ ಅಂತ ಬಂದರೆ, ಅವನು ನಾಣ್ಯಕ್ಕಿಂತ ಮೇಲಿದ್ದಾನೆ, ಕೈ ಸ್ವಲ್ಪ ಕುದುರುತ್ತಿದೆ ಅಂತ. 1985ರವರು ಕಾರ್ನೆಲ್ ವಿಶ್ವವಿದ್ಯಾಲಯದ ಆಟಗಾರರಿಂದ ಡಿಫೆನ್ಸ್ ಇಲ್ಲದೆ ಶಾಟ್ ಹೊಡೆಸಿ ಒಂದು ಪ್ರಯೋಗವನ್ನೂ ಮಾಡಿದ್ದರು. ಅದೇ ಅಂಕಿಗಳನ್ನು ಈ ತಪ್ಪು ತಿದ್ದಿ ನೋಡಿದಾಗ, ಸತತ ಮೂರು ಬಿದ್ದ ಮೇಲಿನ ಶಾಟ್‌ಗೂ ಸತತ ಮೂರು ತಪ್ಪಿದ ಮೇಲಿನದಕ್ಕೂ ಶೇಕಡಾ ಹತ್ತು ಅಂಶಕ್ಕಿಂತ ಹೆಚ್ಚಿನ ಅಂತರ ಕಂಡಿತು. ಅದು ಸಣ್ಣದಲ್ಲ.

ನಿಜವಾದ ಪಂದ್ಯದಲ್ಲಿ ಇದು ಇಷ್ಟು ದೊಡ್ಡದಾಗಿ ಯಾಕೆ ಕಾಣುವುದಿಲ್ಲ? ಕೈ ಕುದುರಿದವನು ಸುಮ್ಮನಿರುವುದಿಲ್ಲ. ದೂರದಿಂದ ಹೊಡೆಯುತ್ತಾನೆ, ಕಷ್ಟದ ಶಾಟ್‌ಗೆ ಕೈ ಹಾಕುತ್ತಾನೆ. ಎದುರಾಳಿಗಳೂ ಸುಮ್ಮನಿರುವುದಿಲ್ಲ, ಒಳ್ಳೆಯ ಡಿಫೆಂಡರ್‌ನನ್ನು ಅವನ ಮೇಲೆ ಬಿಡುತ್ತಾರೆ. 2014ರಲ್ಲಿ ಬಂದ ಒಂದು ಅಧ್ಯಯನ ಎನ್‌ಬಿಎ ಕ್ಯಾಮೆರಾಗಳಿಂದ 80 ಸಾವಿರಕ್ಕೂ ಹೆಚ್ಚು ಶಾಟ್‌ಗಳನ್ನು ತೆಗೆದುಕೊಂಡು, ದೂರ ಮತ್ತು ಡಿಫೆನ್ಸ್ ಎರಡನ್ನೂ ಲೆಕ್ಕಕ್ಕೆ ಸೇರಿಸಿತು. ಆಗ ಸಿಕ್ಕ ಲಾಭ ಒಂದರಿಂದ ಎರಡೂವರೆ ಅಂಶದ ನಡುವೆ. ಇದೆ, ಆದರೆ ಚೂರು.

ಹಾಗಂತ ಅದ್ಭುತ ನಡೆಯುವುದೇ ಇಲ್ಲ ಅಂತಲ್ಲ. 2015ರ ಜನವರಿಯಲ್ಲಿ ಎನ್‌ಬಿಎ ಆಟಗಾರ ಕ್ಲೇ ಥಾಂಪ್ಸನ್ ಒಂದೇ ಕ್ವಾರ್ಟರ್‌ನಲ್ಲಿ, ಅಂದರೆ ಪಂದ್ಯದ ಕಾಲು ಭಾಗದಲ್ಲಿ, 13ಕ್ಕೆ 13 ಶಾಟ್ ಹಾಕಿ 37 ಅಂಕ ಗಳಿಸಿದರು. ಅದನ್ನು ನೋಡಿ ‘ನಾಣ್ಯ’ ಅನ್ನೋಕೆ ನನಗಂತೂ ಬಾಯಿ ಬರುವುದಿಲ್ಲ.

ಹಾಗಾಗಿ ನೀವು ಓದಿದ ಎರಡೂ ಕಡೆಯವರು ಅರ್ಧರ್ಧ ಸರಿ. ಕೈ ಕುದುರುವುದು ನಿಜ. ಆದರೆ ಅಭಿಮಾನಿಗಳು, ಕೋಚ್‌ಗಳು, ಅಪ್ಪ ಅಮ್ಮಂದಿರು ಅಂದುಕೊಳ್ಳುವಷ್ಟು ದೊಡ್ಡದಲ್ಲ. ಮೂರು ಶಾಟ್ ನೋಡಿ ಅದನ್ನು ಗುರುತಿಸಲು ಯಾರಿಂದಲೂ ಆಗುವುದಿಲ್ಲ. ನಾಲ್ಕು ಪಂದ್ಯ ನೋಡಿ ಹೇಳುವುದೂ ಕಷ್ಟ.

ಇನ್ನು ನನಗೆ ನಿಜವಾಗಿ ಭಯ ಹುಟ್ಟಿಸಿದ ಭಾಗ, ಮೊಣಕೈ ಬದಲಿಸುವ ವಿಚಾರ. ಡೇನಿಯಲ್ ಕಾನ್‌ಮನ್ ಎಂಬ ಮನಶ್ಶಾಸ್ತ್ರಜ್ಞ ಒಮ್ಮೆ ಇಸ್ರೇಲ್‌ನ ವಾಯುಪಡೆಯ ತರಬೇತುದಾರರಿಗೆ ಪಾಠ ಮಾಡುತ್ತಿದ್ದರು. ಒಬ್ಬ ತರಬೇತುದಾರ ಎದ್ದು, ಚೆನ್ನಾಗಿ ವಿಮಾನ ಹಾರಿಸಿದವನನ್ನು ಹೊಗಳಿದರೆ ಮುಂದಿನ ಸಲ ಕೆಡಿಸುತ್ತಾನೆ, ಕೆಟ್ಟದಾಗಿ ಹಾರಿಸಿದವನನ್ನು ಬೈದರೆ ಸುಧಾರಿಸುತ್ತಾನೆ, ಅದಕ್ಕೇ ಬೈಯುವುದೇ ಸರಿ ಅಂದನಂತೆ. ಅವನು ಕಂಡದ್ದು ನಿಜ, ಕಾರಣ ಮಾತ್ರ ತಪ್ಪು. ಯಾರದೇ ಆಗಲಿ, ತುಂಬಾ ಕೆಟ್ಟ ದಿನದ ನಂತರದ ದಿನ ಸಾಮಾನ್ಯವಾಗಿ ಅದಕ್ಕಿಂತ ಚೆನ್ನಾಗೇ ಇರುತ್ತದೆ. ಬೈದರೂ ಅಷ್ಟೇ, ಬಿಟ್ಟರೂ ಅಷ್ಟೇ.

ನಿಮ್ಮ ಮಗಳಿಗೂ ಇದೇ ಆಗಬಹುದು. ನಾಳೆ ಮೊಣಕೈ ಬದಲಿಸಿದರು ಅಂದುಕೊಳ್ಳಿ. ಮುಂದಿನ ನಾಲ್ಕು ಪಂದ್ಯಗಳಲ್ಲಿ ಅವಳ ಲೆಕ್ಕ 14ರಿಂದ 18ರ ಕಡೆಗೆ ಹತ್ತುವ ಸಾಧ್ಯತೆಯೇ ಹೆಚ್ಚು, ಬದಲಿಸದಿದ್ದರೂ ಹತ್ತುತ್ತಿತ್ತು. ಆದರೆ ಹೆಸರು ಹೋಗುವುದು ಹೊಸ ಮೊಣಕೈಗೆ. ಕೋಚ್ ಮುಂದಿನ ಹುಡುಗಿಗೂ ಅದನ್ನೇ ಮಾಡುತ್ತಾರೆ. ತಪ್ಪು ಔಷಧಿಗೆ ಒಳ್ಳೆಯ ಹೆಸರು ಬರುವುದು ಹೀಗೇ.

ಇಷ್ಟು ಹೇಳಿದ ಮೇಲೆ ನಿಮ್ಮ ಮುಂದಿರುವ ದಾರಿಗಳನ್ನು ನೋಡೋಣ.

ಶಾಟ್ ಬದಲಿಸುವುದು ಒಂದು ದಾರಿ. ವರ್ಷಗಟ್ಟಲೆ ಕೂತ ಅಭ್ಯಾಸವನ್ನು ಒಡೆದು ಕಟ್ಟುವಾಗ ಮೊದಲು ಲೆಕ್ಕ ಕೆಳಗೇ ಇಳಿಯುತ್ತದೆ. ಎರಡು ತಿಂಗಳಲ್ಲಿ ಮತ್ತೆ ಮೇಲೆ ಬರುತ್ತದಾ ಅಂತ ಯಾರೂ ಗ್ಯಾರಂಟಿ ಕೊಡಲಾರರು. ಜೊತೆಗೆ, ಪಂದ್ಯದ ನಡುವೆ ‘ಮೊಣಕೈ ಎಲ್ಲಿದೆ’ ಅಂತ ಯೋಚಿಸುವ ಆಟಗಾರ್ತಿ ತಡವರಿಸುತ್ತಾಳೆ. ನುರಿತವರ ಗಮನವನ್ನು ಅವರ ಕೈಕಾಲಿನ ಕಡೆ ತಿರುಗಿಸಿದರೆ ಆಟ ಕೆಡುತ್ತದೆ ಅನ್ನೋದು ಗಾಲ್ಫ್ ಆಟಗಾರರ ಮೇಲಿನ ಪ್ರಯೋಗಗಳಲ್ಲೂ ಕಂಡಿದೆ. ಹಾಗಂತ ಕೋಚ್ ಹೇಳಿದ್ದು ಸುಳ್ಳು ಅನ್ನುತ್ತಿಲ್ಲ. ಮೊಣಕೈ ನಿಜಕ್ಕೂ ಹೊರಗೆ ಹೋಗುತ್ತಿರಬಹುದು. ಆದರೆ ಒಂದು ಮಾತು ಕೇಳಿ ನೋಡಿ: 26 ಬಾಸ್ಕೆಟ್ ಬಿದ್ದ ಆ ಐದು ಪಂದ್ಯಗಳಲ್ಲಿ ಮೊಣಕೈ ಎಲ್ಲಿತ್ತು? ಆಗಿನ ವಿಡಿಯೊ ಇದ್ದರೆ ಈಗಿನದರ ಪಕ್ಕ ಇಟ್ಟು ನೋಡಿ. ಆಗಲೂ ಹೊರಗೇ ಇದ್ದರೆ, ಈಗಿನ ಇಳಿತಕ್ಕೆ ಅದು ಕಾರಣವಲ್ಲ. ತಿದ್ದಬೇಕಿದ್ದರೂ ಟ್ರಯಲ್ಸ್ ಮುಗಿದ ಮೇಲೆ ತಿದ್ದಬಹುದು.

ಏನೂ ಮಾಡದೆ ಬಿಡುವುದು ಇನ್ನೊಂದು. ನನ್ನ ಅಂಕಿಗಳು ಅದರ ಕಡೆಗೇ ವಾಲುತ್ತವೆ. ಆದರೆ ಅದರಲ್ಲೂ ಅಪಾಯ ಇದೆ. ‘ಅದೃಷ್ಟ ಅಷ್ಟೇ’ ಅಂತ ಸುಮ್ಮನಾಗಿ, ನಿಜವಾದ ಕಾರಣ ಕಣ್ಣುತಪ್ಪಿ ಹೋಗಿರುವುದನ್ನು ನಾನೇ ನೋಡಿದ್ದೇನೆ. ಒಬ್ಬ ಹುಡುಗನ ವಿಷಯದಲ್ಲಿ ಹೀಗೇ ಧೈರ್ಯ ಹೇಳಿ ಕಳಿಸಿದ್ದೆ. ಮೂರು ವಾರದ ಮೇಲೆ ಗೊತ್ತಾಯಿತು, ಅವನ ಬೆರಳಿಗೆ ಪೆಟ್ಟಾಗಿತ್ತು. ತಂಡದಿಂದ ಬಿಡುತ್ತಾರೆ ಅಂತ ಹೆದರಿ ಯಾರಿಗೂ ಹೇಳಿರಲಿಲ್ಲ. ಹಾಗಾಗಿ ಮಗಳ ಹತ್ತಿರ ಆಟದ ಮಾತು ಬಿಟ್ಟು ಮೈಯ ಮಾತು ಕೇಳಿ. ಬೆರಳು, ಮಣಿಕಟ್ಟು, ಭುಜ, ಪಾದದ ಗಂಟು, ಎಲ್ಲಾದರೂ ನೋವಿದೆಯಾ? ಈ ವಯಸ್ಸಿನಲ್ಲಿ ಎತ್ತರ ಬೇಗ ಬೆಳೆದರೂ ಶಾಟ್‌ನ ಅಳತೆ ತಪ್ಪುತ್ತದೆ. ಆ ನಾಲ್ಕು ಪಂದ್ಯಗಳ ಎದುರಾಳಿಗಳು ಬಲವಾದವರಾ? ತಂಡದಲ್ಲಿ ಅವಳ ಜಾಗ ಬದಲಾಗಿ, ದೂರದಿಂದ ಹೊಡೆಯುವ ಶಾಟ್ ಜಾಸ್ತಿಯಾಗಿದೆಯಾ? ನಿದ್ದೆ ಕೆಟ್ಟದ್ದು ಯಾವಾಗಿನಿಂದ? ನನಗೆ ಈ ಕೊನೆಯದೇ ಮುಖ್ಯ ಅನ್ನಿಸುತ್ತದೆ. ಇಳಿತ ಶುರುವಾದದ್ದು ಬರೀ ಅದೃಷ್ಟದಿಂದ ಇರಬಹುದು. ಆದರೆ ಬೆಂಚಿನ ಭಯದಿಂದ ನಿದ್ದೆ ಕೆಟ್ಟು, ನಿದ್ದೆ ಕೆಟ್ಟು ಆಟ ಕೆಟ್ಟರೆ, ಇಲ್ಲದ ಇಳಿತ ನಿಜವಾದ ಇಳಿತವಾಗಿಬಿಡುತ್ತದೆ.

ವಿಶ್ರಾಂತಿ ಕೊಡುವ ದಾರಿಯೂ ಇದೆ. ವಿರಾಟ್ ಕೊಹ್ಲಿ 2019ರ ನವೆಂಬರ್‌ನಿಂದ 2022ರ ಸೆಪ್ಟೆಂಬರ್‌ವರೆಗೆ ಒಂದೂ ಅಂತರರಾಷ್ಟ್ರೀಯ ಶತಕ ಹೊಡೆದಿರಲಿಲ್ಲ. ಒಂದು ತಿಂಗಳು ಬ್ಯಾಟ್ ಮುಟ್ಟದೆ ಇದ್ದು, ಮರಳಿ ಬಂದು ಏಷ್ಯಾ ಕಪ್‌ನಲ್ಲಿ ಶತಕ ಹೊಡೆದರು. ವಿಶ್ರಾಂತಿಯಿಂದಲೇ ಆಯಿತಾ, ಹೇಗಿದ್ದರೂ ಆಗುತ್ತಿತ್ತಾ? ಒಬ್ಬರ ಒಂದು ಕಥೆಯಿಂದ ಹೇಳಲಾಗುವುದಿಲ್ಲ. ನಿಮ್ಮ ಮಗಳಿಗೆ ತಿಂಗಳೆಲ್ಲ ಬೇಡ. ನಾಲ್ಕೈದು ದಿನ ಚೆಂಡು ಬಿಟ್ಟರೆ ನಷ್ಟವೇನಿಲ್ಲ, ನಿದ್ದೆಯಂತೂ ಬರುತ್ತದೆ.

ನಾನು ನಿಮ್ಮ ಜಾಗದಲ್ಲಿದ್ದರೆ ಇದರ ಜೊತೆ ಎಣಿಸುವ ಕೆಲಸ ಶುರುಮಾಡುತ್ತಿದ್ದೆ. ಪಂದ್ಯದ ಶಾಟ್ ಬೇಡ, ಫ್ರೀ ಥ್ರೋ ಎಣಿಸಿ. ಅದಕ್ಕೆ ಡಿಫೆಂಡರ್ ಇಲ್ಲ, ದೂರ ಬದಲಾಗುವುದಿಲ್ಲ, ಎದುರಾಳಿ ಯಾರಾದರೇನು. ಕೈ ಹೇಗಿದೆ ಅಂತ ನೋಡಲು ಅದಕ್ಕಿಂತ ಶುದ್ಧ ಅಳತೆ ಇಲ್ಲ. ಅಭ್ಯಾಸದ ಕೊನೆಗೆ, ಮೈ ದಣಿದಿರುವಾಗ, ದಿನಕ್ಕೆ 20. ಮೂರು ವಾರದಲ್ಲಿ 300 ದಾಟುತ್ತದೆ. 100 ಎಸೆತದ ಲೆಕ್ಕದಲ್ಲಿ ಐದು ಅಂಶ ಅತ್ತಿತ್ತ ಆಗುವುದು ಮಾಮೂಲು, 300ಕ್ಕೆ ಅದು ಮೂರು ಅಂಶದ ಹತ್ತಿರ ಬರುತ್ತದೆ. ಈ ಸೀಸನ್‌ನ ಶುರುವಿನ ಫ್ರೀ ಥ್ರೋ ಲೆಕ್ಕ ಕೋಚ್ ಹತ್ತಿರ ಇದ್ದರೆ ಹೋಲಿಸಬಹುದು. ಒಂದು ಎಚ್ಚರಿಕೆ: ಎಣಿಸುವವರು ನೀವಾಗಬೇಡಿ, ತಂಡದ ಗೆಳತಿಯೊಬ್ಬಳು ಎಣಿಸಲಿ. ಅಪ್ಪ ಪೆನ್ನು ಹಿಡಿದು ಪಕ್ಕದಲ್ಲಿ ನಿಂತರೆ ಅದೇ ಇನ್ನೊಂದು ಟ್ರಯಲ್ಸ್ ಆಗಿಬಿಡುತ್ತದೆ.

ಪಂದ್ಯದಲ್ಲಿ ಬೇಕಿದ್ದರೆ ಬೇರೆ ಲೆಕ್ಕ ಇಡಿ. ಬಿತ್ತಾ ಇಲ್ಲವಾ ಅನ್ನೋದರ ಬದಲು, ಅದು ಹೊಡೆಯಬೇಕಾದ ಶಾಟ್ ಆಗಿತ್ತಾ ಅಂತ. ಎದುರಿಗೆ ಜಾಗ ಇತ್ತಾ, ಕಾಲು ನೆಲೆ ನಿಂತಿತ್ತಾ, ತನ್ನ ದೂರದಿಂದ ಹೊಡೆದಳಾ? ಮೂರು ಒಳ್ಳೆಯ ಶಾಟ್ ತಪ್ಪಿದವಳು ನಾಲ್ಕನೆಯದನ್ನು ಹೊಡೆಯಲೇಬೇಕು. ಮೂರು ಕೆಟ್ಟ ಶಾಟ್ ಹೊಡೆದವಳನ್ನು, ಮೂರೂ ಬಿದ್ದಿದ್ದರೂ, ಕರೆದು ಮಾತನಾಡಿಸಬೇಕು. ಕೋಚ್ ಹತ್ತಿರ ಮಾತನಾಡುವಾಗ ನನ್ನ ನಾಣ್ಯದ ಲೆಕ್ಕ ಹೇಳಬೇಡಿ, ಜಗಳವಾಗುತ್ತದೆ. ಈ ಒಂದು ಮಾತು ಹೇಳಿ. ಬೆಂಚಿಗೆ ಕಳಿಸುವ ಹಕ್ಕು ಅವರದೇ, ಆದರೆ ತಪ್ಪಿದ ಶಾಟ್‌ಗೆ ಬದಲು ಕೆಟ್ಟ ಆಯ್ಕೆಗೆ ಕಳಿಸಲಿ ಅಂತ ಕೇಳಿ. ಹೆಚ್ಚಿನ ಕೋಚ್‌ಗಳು ಇದಕ್ಕೆ ಒಪ್ಪುತ್ತಾರೆ, ಯಾಕೆಂದರೆ ಅವರೂ ಒಳಗೊಳಗೆ ಅದನ್ನೇ ನೋಡುತ್ತಿರುತ್ತಾರೆ.

ಸಾಕ್ಸ್ ಬಗ್ಗೆ ಬೇಸರ ಮಾಡಿಕೊಳ್ಳಬೇಡಿ. ಮನಸ್ಸು ನೆಲೆ ನಿಲ್ಲಿಸಲು ದೊಡ್ಡ ದೊಡ್ಡ ಆಟಗಾರರಿಗೂ ಇಂಥದ್ದೊಂದು ಬೇಕಾಗುತ್ತದೆ. ಸಾಕ್ಸ್ ಸಿಗದ ದಿನ ಅವಳು ಆಡಲು ಹಿಂಜರಿದರೆ ಮಾತ್ರ ಅದು ಸಮಸ್ಯೆ. ಅಷ್ಟರವರೆಗೆ ಒಗೆದು ಕೊಡಿ, ಸಾಕು.

ಮೂರು ವಾರದ ಫ್ರೀ ಥ್ರೋ ಲೆಕ್ಕ ಮೊದಲಿಗಿಂತ ಆರೇಳು ಅಂಶ ಕೆಳಗಿದ್ದರೆ ನನ್ನ ಮಾತು ಬದಲಾಗುತ್ತದೆ. ಆಗ ಅದೃಷ್ಟದ ಹೆಸರು ಹೇಳಿ ಕೂರಬೇಡಿ. ಮೊದಲು ಫಿಸಿಯೋ ಹತ್ತಿರ ಕೈ ಮತ್ತು ಭುಜ ತೋರಿಸಿ. ಅಲ್ಲಿ ಏನೂ ಇಲ್ಲ ಅಂತಾದರೆ, ಕೋಚ್ ಜೊತೆ ಕೂತು ಆ ಎರಡು ವಿಡಿಯೊಗಳನ್ನು ಮತ್ತೊಮ್ಮೆ ನೋಡಿ.